ಅಕ್ಷಿಪಟಲದ ರಕ್ತನಾಳಗಳು ಮತ್ತು ರಕ್ತದೊತ್ತಡ

ಅಕ್ಷಿಪಟಲವೆಂದರೆ ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ, ಬೆಳಕನ್ನು ಗ್ರಹಿಸುವ ತೆಳು ಪದರ. ಆಡುಮಾತಿನಲ್ಲಿ ಇದು ಕಣ್ಣಿನ ಪರದೆ. ಕೊಯ್ಯದೆ, ಚುಚ್ಚದೆ, ಜೀವಂತ ಮನುಷ್ಯನ ಒಳಗಿನ ರಕ್ತನಾಳಗಳನ್ನು ನೇರವಾಗಿ ನೋಡಲು ದೇಹದಲ್ಲಿರುವ ಜಾಗ ಬಹುಮಟ್ಟಿಗೆ ಇದೊಂದೇ. ಏರಿದ ರಕ್ತದೊತ್ತಡದಿಂದ ಇಲ್ಲಿನ ನಾಳಗಳು ಕಿರಿದಾಗಿ, ಗಡುಸಾಗಿ, ಕೊನೆಗೆ ಸೋರತೊಡಗುವ ಸ್ಥಿತಿಗೆ ವೈದ್ಯರು ಹೈಪರ್‌ಟೆನ್ಸಿವ್ ರೆಟಿನೋಪತಿ ಎನ್ನುತ್ತಾರೆ. ಬಹುಕಾಲ ಇದಕ್ಕೆ ನೋವಿಲ್ಲ, ಮಂಜಿಲ್ಲ. ರೋಗಿಗೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಕಣ್ಣಿಗೆ ಗೊತ್ತಾಗಿರುತ್ತದೆ.

ಈ ಚರಿತ್ರೆ ಶುರುವಾಗುವುದು ಮೂತ್ರಪಿಂಡದ ಕಾಯಿಲೆಯಿಂದ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಮೂತ್ರಪಿಂಡ ಕೆಟ್ಟವರ ಲಕ್ಷಣಗಳನ್ನು ವಿವರಿಸಿದ; 1836ರಲ್ಲಿ ಅಂಥವರ ಹೃದಯ ಹಿಗ್ಗಿರುವುದನ್ನೂ ಗಮನಕ್ಕೆ ತಂದ. ಅವರಲ್ಲಿ ಕೆಲವರ ದೃಷ್ಟಿ ಹೋಗುತ್ತಿತ್ತು, ಆದರೆ ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತಿತ್ತು. ಪಾಪೆಯ ಒಳಗೆ ಬರೀ ಕತ್ತಲೆ. ಆ ಕತ್ತಲೆಯೊಳಗೆ ಬೆಳಕು ಹಾಯಿಸಿ, ಅದು ಹಿಂದಿರುಗುವ ದಾರಿಯಲ್ಲೇ ನೋಡುವ ಉಪಾಯ ಹೂಡಿದವನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ಓರೆಯಾಗಿಟ್ಟ ತೆಳು ಗಾಜಿನ ಹಲ್ಲೆಗಳ ಆ ಆಫ್ತಾಲ್ಮೋಸ್ಕೋಪನ್ನು ಅವನು 1851ರಲ್ಲಿ ಪ್ರಕಟಿಸಿದ. 1859ರಲ್ಲಿ ರಿಚರ್ಡ್ ಲೀಬ್‌ರೈಷ್, ಬ್ರೈಟ್ ಹೇಳಿದ ಕಾಯಿಲೆಯವರ ಅಕ್ಷಿಪಟಲದಲ್ಲಿ ಕಂಡದ್ದನ್ನು ವಿವರವಾಗಿ ದಾಖಲಿಸಿದ.

ತಪ್ಪೆಲ್ಲ ಮೂತ್ರಪಿಂಡದ್ದೇ ಎಂಬ ನಂಬಿಕೆಯನ್ನು ಅಲುಗಾಡಿಸಿದವನನ್ನು ನಾವು ಭಾರತೀಯರು ಮರೆಯಬಾರದು. ಫ್ರೆಡರಿಕ್ ಅಕ್ಬರ್ ಮಹೊಮೆದ್ ಪಟ್ನಾದಿಂದ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಶೇಖ್ ದೀನ್ ಮಹೊಮೆದ್‌ನ ಮೊಮ್ಮಗ. ನಾಡಿಯ ಬಡಿತವನ್ನು ಕಾಗದದ ಮೇಲೆ ಗೀಚುವ ಯಂತ್ರ ಹಿಡಿದು, ಮೂತ್ರಪಿಂಡ ಸರಿಯಾಗಿದ್ದವರಲ್ಲೂ ಒತ್ತಡ ಏರಿರಬಲ್ಲದೆಂದು 1870ರ ದಶಕದಲ್ಲಿ ತೋರಿಸಿದ. 1884ರಲ್ಲಿ, ಇನ್ನೂ 35ರ ಆಸುಪಾಸಿನಲ್ಲೇ, ವಿಷಮಶೀತ ಜ್ವರಕ್ಕೆ ಬಲಿಯಾದ. ಅದೇ ಕಾಲದಲ್ಲಿ, 1876ರಲ್ಲಿ, ವಿಲಿಯಂ ಗೋವರ್ಸ್ ಅಕ್ಷಿಪಟಲದ ಅಪಧಮನಿಗಳು ಕಿರಿದಾಗುವುದಕ್ಕೂ ನಾಡಿಯ ಬಿಗುವಿಗೂ ನಂಟಿದೆ ಎಂದು ಬರೆದ. ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ರೀವ-ರೊಚ್ಚಿಯ ಸಾಧನ ಬಂದದ್ದು 1896ರಲ್ಲಿ. ಅಂದರೆ ಬಿ.ಪಿ.ಯನ್ನು ಹೀಗೆ ಅಳೆಯುವ ಮೊದಲೇ ಕಣ್ಣು ಅದನ್ನು ತೋರಿಸಿಕೊಟ್ಟಿತ್ತು.

ಲಂಡನ್ನಿನ ರಾಬರ್ಟ್ ಮಾರ್ಕಸ್ ಗನ್ 1890ರ ದಶಕದಲ್ಲಿ ವಿವರಿಸಿದ ಗುರುತುಗಳನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಅಪಧಮನಿಯೂ ಅಭಿಧಮನಿಯೂ ಒಂದನ್ನೊಂದು ದಾಟುವಲ್ಲಿ ಎರಡಕ್ಕೂ ಹೊದಿಕೆ ಒಂದೇ. ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ಎರಡು ಪೈಪುಗಳನ್ನು ಒಂದೇ ಟೇಪಿನಲ್ಲಿ ಬಿಗಿದಂತೆ. ಮೇಲಿನದು ಗಡುಸಾದರೆ ಕೆಳಗಿನ ಮೆತ್ತನೆಯದು ಅದುಮಿಹೋಗುತ್ತದೆ. ದಪ್ಪಗೆ, ಕಡುಗೆಂಪಾಗಿ ಬರುತ್ತಿದ್ದ ಅಭಿಧಮನಿ ಆ ಜಾಗದಲ್ಲಿ ಚಿವುಟಿದಂತೆ ಸಣ್ಣಗಾಗಿ, ಮುಂದೆ ಮತ್ತೆ ಅಗಲವಾಗುತ್ತದೆ. ಅಪಧಮನಿಯ ಗೋಡೆ ದಪ್ಪವಾದಂತೆ ಅದರ ಮೇಲಿನ ಹೊಳಪು ಮೊದಲು ತಾಮ್ರದ ತಂತಿಯಂತೆ, ಆಮೇಲೆ ಬೆಳ್ಳಿಯ ತಂತಿಯಂತೆ ಕಾಣುತ್ತದೆ. ರೋಗ ಬಲಿತರೆ ಬೆಂಕಿಯ ನಾಲಗೆಯಾಕಾರದ ರಕ್ತಸ್ರಾವ, ಹಿಂಜಿದ ಅರಳೆಯಂಥ ಬಿಳಿ ಕಲೆ, ಕೊನೆಗೆ ದೃಷ್ಟಿನರದ ತಲೆಯೇ ಊದಿಕೊಳ್ಳುವುದು.

ಅಮೆರಿಕದ ಮೇಯೊ ಕ್ಲಿನಿಕ್ಕಿನ ಕೀತ್, ವ್ಯಾಗೆನರ್, ಬಾರ್ಕರ್ 1939ರಲ್ಲಿ 219 ರೋಗಿಗಳನ್ನು ಕಣ್ಣಿನ ಗುರುತುಗಳ ಮೇಲೆ ನಾಲ್ಕು ಗುಂಪು ಮಾಡಿದರು. ಮೂರು ವರ್ಷದ ನಂತರ ಮೊದಲ ಗುಂಪಿನ ನೂರಕ್ಕೆ 70 ಮಂದಿ ಬದುಕಿದ್ದರೆ, ದೃಷ್ಟಿನರ ಊದಿದ ನಾಲ್ಕನೆಯ ಗುಂಪಿನಲ್ಲಿ ಉಳಿದದ್ದು ನೂರಕ್ಕೆ 6. ಕ್ಯಾನ್ಸರ್‌ನಷ್ಟೇ ಕ್ರೂರವಾದ ಲೆಕ್ಕ.

ಆ ಲೆಕ್ಕ ಬದಲಾದ ಬಗೆಯೇ ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ವಾಲ್ಟರ್ ಕೆಂಪ್ನರ್ 1940ರ ದಶಕದಲ್ಲಿ ರೋಗಿಗಳಿಗೆ ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆಯಷ್ಟನ್ನೇ ಕೊಟ್ಟು ಕಣ್ಣಿನ ಫೋಟೊ ತೆಗೆಸಿದ. ಹಲವರಲ್ಲಿ ಊತ ಇಳಿದಿತ್ತು, ರಕ್ತಸ್ರಾವ ಮಾಯವಾಗಿತ್ತು. ಊಟದ ಎಲೆಯ ತುದಿಗೆ ಮೊದಲು ಉಪ್ಪು, ಉಪ್ಪಿನಕಾಯಿ ಬಡಿಸುವ ನಮಗೆ ಆ ಪಥ್ಯ ಎಷ್ಟು ಕಠಿಣವೆಂದು ಹೇಳಬೇಕಿಲ್ಲ. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಸರ್ಪಗಂಧದ ಬೇರು ಒತ್ತಡ ಇಳಿಸುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡು ಯಾವ ಪಶ್ಚಿಮ ಘಟ್ಟದ ಸೆರಗೋ, ಆ ಘಟ್ಟದ ಗಿಡವೂ ಹೌದು ಸರ್ಪಗಂಧ. ಘಟ್ಟದ ಇಂಥ ಔಷಧ ಸಸ್ಯಗಳನ್ನೂ ಅಧ್ಯಯನ ಮಾಡುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯ ಸಂಸ್ಥೆ ಈಗ ಬೆಳಗಾವಿಯಲ್ಲಿದೆ.

ಗರ್ಭಿಣಿಯರ ಒತ್ತಡದ ಕತೆಯಲ್ಲಿ ಬೆಳಗಾವಿಯ ಹೆಸರು ಇನ್ನೂ ಹತ್ತಿರ ಬರುತ್ತದೆ. ಬಸಿರಿನಲ್ಲಿ ಬಿ.ಪಿ. ಏರಿದಾಗ ಅಕ್ಷಿಪಟಲದ ಕಿರುನಾಳಗಳು ಸೆಟೆದುಕೊಳ್ಳುತ್ತವೆ. ಕೆಲವೊಮ್ಮೆ ಅಡಿಯಲ್ಲಿ ನೀರು ತುಂಬಿ ಪರದೆ ಮೇಲೇಳುತ್ತದೆ. ಕಣ್ಣು ಕತ್ತಲೆ ಬಂದ ತಾಯಿಗೆ ಹೆರಿಗೆಯ ಬಳಿಕ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. 1963ರಲ್ಲಿ ಆರಂಭವಾದ ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಕ್ಲಿಪ್ ಎಂಬ ಅಂತರರಾಷ್ಟ್ರೀಯ ಅಧ್ಯಯನವನ್ನು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಸಿತು. ಆಶಾ ಕಾರ್ಯಕರ್ತೆಯರೂ ದಾದಿಯರೂ ಗರ್ಭಿಣಿಯರ ಮನೆಬಾಗಿಲಲ್ಲೇ ಒತ್ತಡ ಅಳೆದರು, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳಿಸಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ತಾಯಿ-ಮಗುವಿನ ಸಾವುನೋವು ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಆದರೂ ಒತ್ತಡ ಅಳೆಯುವ ಕೆಲಸವನ್ನು ಹಳ್ಳಿಯ ಹೆಣ್ಣುಮಕ್ಕಳು ಅಚ್ಚುಕಟ್ಟಾಗಿ ಮಾಡಬಲ್ಲರೆಂಬುದು ಸಣ್ಣ ಸಂಗತಿಯಲ್ಲ.

ಕಣ್ಣಿನ ಗುರುತುಗಳಿಗೆ ಮರಳಿದರೆ, 2004ರಲ್ಲಿ ಸಂಶೋಧಕರಾದ ವಾಂಗ್ ಮತ್ತು ಮಿಚೆಲ್ ಮೇಯೊ ಕ್ಲಿನಿಕ್ಕಿನ ಹಳೆಯ ನಾಲ್ಕು ಗುಂಪುಗಳ ಬದಲು ಸೌಮ್ಯ, ಮಧ್ಯಮ, ಮಾರಕ (ಮ್ಯಾಲಿಗ್ನಂಟ್) ಎಂಬ ಮೂರು ಹಂತ ಸೂಚಿಸಿದರು. ಆರಂಭದ ಬದಲಾವಣೆಗಳನ್ನು ಇಬ್ಬರು ವೈದ್ಯರು ಒಂದೇ ರೀತಿ ಗುರುತಿಸುವುದು ಕಷ್ಟವೆಂಬುದು ಇದಕ್ಕೊಂದು ಕಾರಣ. 2018ರಲ್ಲಿ ಗೂಗಲ್ ಸಂಶೋಧಕರು ಅಕ್ಷಿಪಟಲದ ಚಿತ್ರದಿಂದಲೇ ಬಿ.ಪಿ.ಯ ಮೇಲಿನ ಅಂಕಿಯನ್ನು (ಸಿಸ್ಟೋಲಿಕ್ ಒತ್ತಡ) ಸರಾಸರಿ 11 ಮಿಲಿಮೀಟರ್ ಹೆಚ್ಚುಕಡಿಮೆಯಲ್ಲಿ ಕಂಪ್ಯೂಟರಿನಿಂದ ಊಹಿಸಿದರು. ತೋಳಿನ ಪಟ್ಟಿಗೆ ಇದು ಬದಲಿಯಲ್ಲ.

ಆಟೋ ನಗರದಂಥ ಕಡೆ ಕಣ್ಣಿನ ಪರದೆ ನೋಡಿಸುವುದಕ್ಕಿರುವ ತೊಡಕು ಬೇರೆಯೇ. ಲಾರಿ ಚಾಲಕರು, ಮೆಕ್ಯಾನಿಕ್‌ಗಳು ನಲವತ್ತು ದಾಟಿ ಅಕ್ಷರ ಮಸುಕಾದಾಗ ಚಷ್ಮಾಕ್ಕೆಂದು ಹೋಗುತ್ತಾರೆ. ಪರದೆ ನೋಡಬೇಕಾದರೆ ಪಾಪೆ ಹಿಗ್ಗಿಸುವ ಹನಿ ಹಾಕಬೇಕು. ಹನಿ ಬಿದ್ದ ಮೇಲೆ ಕೆಲವು ತಾಸು ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಸ್ಟೇರಿಂಗ್ ಹಿಡಿಯುವಂತಿಲ್ಲ. ಅರ್ಧ ದಿನದ ದುಡಿಮೆ ಹೋಯಿತೆಂದು ಬಹಳ ಜನ ಬೇಡವೆನ್ನುತ್ತಾರೆ. ಬೆಂಗಳೂರಿನ ಫೋರಸ್ ಹೆಲ್ತ್, ರೆಮಿಡಿಯೊ ಕಂಪನಿಗಳು ಕಡಿಮೆ ತೂಕದ ಕ್ಯಾಮೆರಾಗಳನ್ನು ಮಾಡಿವೆ. ಹನಿಯಿಲ್ಲದೆ ಚಿತ್ರ ತೆಗೆಯುವ ಮಾದರಿಗಳೂ ಅವುಗಳಲ್ಲಿವೆ. ಕತ್ತಲು ಮಾಡಿದ ಕೋಣೆಯಲ್ಲಿ ಪಾಪೆ ತಾನಾಗಿ ಹಿಗ್ಗುವವರೆಗೆ ಕೂತರೆ ಸಾಕು, ಎರಡೂ ಕಣ್ಣಿನ ಚಿತ್ರ ನಿಮಿಷಗಳಲ್ಲಿ ಮುಗಿಯುತ್ತದೆ, ಚಾಲಕ ಎದ್ದು ಮತ್ತೆ ಗಾಡಿ ಹತ್ತಬಹುದು.