ಫಿಲ್ಬಿ (ಕುಲನಾಮ)

ಫಿಲ್ಬಿ ಇಂಗ್ಲಿಷ್ ಕುಲನಾಮ. ಈ ಹೆಸರಿನ ತಂದೆ ಮಕ್ಕಳಿಬ್ಬರು ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿ ಬರುತ್ತಾರೆ: ಅರೇಬಿಯದ ಅನ್ವೇಷಕ ಹ್ಯಾರಿ ಸೇಂಟ್ ಜಾನ್ ಫಿಲ್ಬಿ (1885–1960) ಮತ್ತು ಸೋವಿಯತ್ ಗೂಢಚಾರ ಕಿಮ್ ಫಿಲ್ಬಿ (1912–1988). ಜಗತ್ತಿಗೆ ಮಗನೇ ಹೆಚ್ಚು ಪರಿಚಿತ. ಸೌದಿ ಅರೇಬಿಯದ ಮಟ್ಟಿಗೆ ತಂದೆಯದೇ ತೂಕ.

ಸಿಲೋನಿನ ಬದುಲ್ಲದಲ್ಲಿ ಹುಟ್ಟಿದ ಸೇಂಟ್ ಜಾನ್ ಐ.ಸಿ.ಎಸ್. ಸೇರಿ ಪಂಜಾಬಿನಲ್ಲಿ ಅಧಿಕಾರಿಯಾಗಿದ್ದ. 1917ರಲ್ಲಿ ಬ್ರಿಟಿಷರು ಅವನನ್ನು ಮುಂದೆ ಸೌದಿ ಅರೇಬಿಯದ ದೊರೆಯಾದ ಇಬ್ನ್ ಸೌದ್ ಬಳಿಗೆ ದೂತನಾಗಿ ಕಳಿಸಿದರು. ಆ ಒಡನಾಟ ದೊರೆ ಸಾಯುವವರೆಗೂ ನಡೆಯಿತು. ಮುಂದೆ ಕೆಲಸ ಬಿಟ್ಟು ಜಿದ್ದಾದಲ್ಲಿ ವ್ಯಾಪಾರಕ್ಕಿಳಿದ. 1930ರಲ್ಲಿ ಇಸ್ಲಾಮಿಗೆ ಮತಾಂತರಗೊಂಡು ಅಬ್ದುಲ್ಲಾ ಆದ. ಇದು ಭಕ್ತಿಯೋ ಲೆಕ್ಕಾಚಾರವೋ ಎಂಬ ತಕರಾರು ಆಗಲೇ ಇತ್ತು. ಮಕ್ಕಾದ ಬಾಗಿಲು ತೆರೆದದ್ದಂತೂ ನಿಜ.

ರುಬ್ ಅಲ್ ಖಾಲಿ ಮರುಭೂಮಿಯನ್ನು ಮೊದಲು ದಾಟುವ ಅವನ ಆಸೆ ಈಡೇರಲಿಲ್ಲ. ದೊರೆಯ ಅನುಮತಿಗೆ ಕಾಯುತ್ತಿದ್ದಾಗಲೇ, 1931ರ ಆರಂಭದಲ್ಲಿ ಇನ್ನೊಬ್ಬ ಇಂಗ್ಲಿಷ್ ಅನ್ವೇಷಕ ಬರ್ಟ್ರಮ್ ಥಾಮಸ್ ದಾಟಿಬಿಟ್ಟ. ಮರುವರ್ಷ ಫಿಲ್ಬಿ ಹೊರಟದ್ದು ದೈವಕೋಪಕ್ಕೆ ಸುಟ್ಟುಹೋಯಿತೆನ್ನುವ ವಬಾರ್ ನಗರವನ್ನು ಹುಡುಕಿಕೊಂಡು. ಸಿಕ್ಕಿದ್ದು ಉಲ್ಕೆ ಬಿದ್ದು ಆದ ಕುಳಿಗಳು. ಒಂಟೆಯಷ್ಟು ದೊಡ್ಡ ಕಬ್ಬಿಣದ ಗುಂಡು ಇದೆಯೆಂದು ಕೇಳಿದ್ದವನ ಕೈಗೆ ಬಂದದ್ದು ಸಣ್ಣ ತುಂಡು. ಮರಳು ಕರಗಿ ಗಾಜಾಗಿದ್ದ ಕಪ್ಪು ಗುಂಡುಗಳನ್ನು ಜೊತೆಗಿದ್ದ ಬೆದುಯಿನರು ಆ ನಗರದ ದಂತಕಥೆಯ ಆದ್ ರಾಜನ ರಾಣಿಯರ ಮುತ್ತೆಂದು ಆಯ್ದುಕೊಂಡರು. ಕಬ್ಬಿಣ ಲಂಡನ್ನಿಗೆ ಹೋಗಿ ಉಲ್ಕೆಯದೆಂದು ಖಚಿತವಾಯಿತು.

ಇದಕ್ಕಿಂತ ದೂರಗಾಮಿಯಾದದ್ದು ಎಣ್ಣೆಯ ವ್ಯವಹಾರ. ದೊರೆಯ ಆಪ್ತನಾಗಿದ್ದುಕೊಂಡೇ ಫಿಲ್ಬಿ ಅಮೆರಿಕದ ಸೋಕಾಲ್ ಕಂಪನಿಯಿಂದ ಸಂಬಳ ಪಡೆದು ಸಲಹೆ ಕೊಡುತ್ತಿದ್ದ; ಎದುರಾಳಿ ಇರಾಕ್ ಪೆಟ್ರೋಲಿಯಂ ಕಂಪನಿಯ ಪ್ರತಿನಿಧಿಗೆ ಇದರ ಸುಳಿವಿರಲಿಲ್ಲ. 1933ರ ಮೇ 29ರಂದು ಜಿದ್ದಾದಲ್ಲಿ ಸೋಕಾಲ್ ಜೊತೆಗಿನ ಎಣ್ಣೆ ಒಪ್ಪಂದಕ್ಕೆ ಸಹಿ ಬಿತ್ತು. ಮೊದಲ ಕಂತಿನ 35,000 ಚಿನ್ನದ ಪೌಂಡುಗಳನ್ನು ಅಲ್ಲಿಯೇ ಒಂದೊಂದಾಗಿ ಎಣಿಸಿ ಕೊಡಲಾಯಿತು. 1938ರಲ್ಲಿ ದಮ್ಮಾಮಿನ ಏಳನೇ ಬಾವಿಯಲ್ಲಿ ಎಣ್ಣೆ ಹೇರಳವಾಗಿ ಉಕ್ಕಿತು.

ಅಂಬಾಲಾದಲ್ಲಿ ಹುಟ್ಟಿದ ಮಗನಿಗೆ ಕಿಮ್ ಎಂಬ ಅಡ್ಡಹೆಸರು ಬಂದದ್ದು ಕಿಪ್ಲಿಂಗನ ಕಾದಂಬರಿಯಿಂದ. ಅವನ ದ್ರೋಹದ ಬೇರನ್ನು ತಂದೆಯ ಇಬ್ಬಗೆಯ ನಡತೆಯಲ್ಲಿ ಹುಡುಕುವವರಿದ್ದಾರೆ. ಅದು ತೀರಾ ಸಲೀಸಾದ ವಿವರಣೆ. ಅಪ್ಪ ತನ್ನ ಭಿನ್ನಮತವನ್ನು ಬಾಯಿಬಿಟ್ಟು ಹೇಳಿಯೇ ಕೆಡಿಸಿಕೊಂಡವ. ಹೊಸ ದೊರೆ ಸೌದ್‌ನ ಆಸ್ಥಾನದ ದುಂದುವೆಚ್ಚವನ್ನು ಬಹಿರಂಗವಾಗಿ ಟೀಕಿಸಿ 1955ರಲ್ಲಿ ದೇಶದಿಂದ ಹೊರಬಿದ್ದ, ಮರುವರ್ಷ ಮರಳಿದ. 1960ರಲ್ಲಿ ಬೈರೂತಿನಲ್ಲಿ ತೀರಿಕೊಂಡ. ಅದೇ ಊರಿನಿಂದ 1963ರಲ್ಲಿ ಕಿಮ್ ಮಾಸ್ಕೋಗೆ ಪರಾರಿಯಾದ.

ಸೇಂಟ್ ಜಾನ್ ಪಕ್ಷಿಗಳನ್ನೂ ಸಂಗ್ರಹಿಸುತ್ತಿದ್ದ. ನೈಋತ್ಯ ಅರೇಬಿಯದ ಬೆಟ್ಟಗಳ ಒಂದು ಕವುಜುಗ ಇಂದಿಗೂ ಅವನ ಹೆಸರಿನಲ್ಲಿದೆ. ಅಲ್ಲಿನದೇ ಒಂದು ಮರಕುಟಿಗಕ್ಕೆ ಅವನ ಹೆಂಡತಿ ಡೋರಾಳ ಹೆಸರಿದೆ.