ಪೊರೆ

ಹಳಗನ್ನಡದ 'ಪಾವು' ಹೊಸಗನ್ನಡದಲ್ಲಿ 'ಹಾವು' ಆಯಿತು. ಅದು ಕಳಚುವ 'ಪೊರೆ' ಮಾತ್ರ ಪಕಾರ ಬಿಡಲಿಲ್ಲ. ಕಣ್ಣಿಗೆ ಬರುವುದೂ ಪೊರೆಯೇ, ತಮಿಳರ 'ಕಣ್‌ಪುರೈ'. 'ಕಾಪಾಡು' ಎಂಬರ್ಥದ 'ಪೊರೆ'ಯಾದರೋ 'ಹೊಟ್ಟೆ ಹೊರೆಯುವ' ಕಡೆ ಹಕಾರಕ್ಕೆ ತಿರುಗಿದೆ.

ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಮಂಡಿಯ ಈರುಳ್ಳಿಯೊಂದನ್ನು ಸೀಳಿ, ಒಳದಳವನ್ನು ಉಗುರಿನಿಂದ ಕೆದಕಿದರೆ ತೆಳ್ಳಗಿನ ಪೊರೆ ಏಳುತ್ತದೆ. ದಪ್ಪ ಒಂದೇ ಜೀವಕೋಶದಷ್ಟು. ಇಂಥದ್ದೇ ಪೊರೆಗೆ 2015ರಲ್ಲಿ ತೈವಾನಿನ ಸಂಶೋಧಕರು ಚಿನ್ನ ಲೇಪಿಸಿ, ವಿದ್ಯುತ್ತಿನಿಂದ ಬಾಗುವ ಕೃತಕ ಸ್ನಾಯು ಮಾಡಿದರು.

ಬೆಳಕಿಗೇ ಬಾಗುವ ಪೊರೆಗಳೂ ಇವೆ. ಅಜೋಬೆಂಜೀನ್ ಅಣು ನೇರಳಾತೀತ ಬೆಳಕಿನಲ್ಲಿ ಮಡಚಿಕೊಳ್ಳುತ್ತದೆ. ಅದನ್ನು ಸೇರಿಸಿದ ಹಾಳೆಯಲ್ಲಿ ಬೆಳಕು ಬಿದ್ದ ಮೈ ಕುಗ್ಗಿ, ಹಾಳೆ ಅತ್ತ ವಾಲುತ್ತದೆ. ಅಣು ಹೊರಳಲು ಜಾಗ ಬೇಕಲ್ಲ, ರಂಧ್ರಮಯ ಸಾವಯವ ವಸ್ತುಗಳ ಆಕರ್ಷಣೆ ಅಲ್ಲಿದೆ. ತೊಡಕೆಂದರೆ ಅವು ಹೆಚ್ಚಾಗಿ ಪುಡಿ. ಕರಗುವುದಿಲ್ಲ, ಎರಕಕ್ಕೂ ಒಗ್ಗುವುದಿಲ್ಲ. ಉಪಾಯವೊಂದಿದೆ: ಬೆರೆಯದ ಎರಡು ದ್ರವಗಳಲ್ಲಿ ಒಂದೊಂದು ಕಚ್ಚಾವಸ್ತು ಕರಗಿಸಿಟ್ಟರೆ, ಅವುಗಳ ಗಡಿಯಲ್ಲಿ ಹಾಲಿನ ಕೆನೆಯಂತೆ ಪೊರೆ ಕಟ್ಟುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ತಂಡ 2017ರಲ್ಲಿ ಹೀಗೆಯೇ ಸೋಸುವ ಪೊರೆ ತಯಾರಿಸಿತ್ತು.

ವಿಜ್ಞಾನ ಬರಹಗಳಲ್ಲಿ 'ಫಿಲ್ಮ್'ಗೆ 'ತೆಳುಪದರ' ಎಂಬ ಮಾತೂ ಉಂಟು. ಆದರೆ ಪದರವೆಂದರೆ ಒಂದರ ಮೇಲೊಂದು ಇರುವುದು. ಬಿಡಿಸಿ ಎತ್ತಬಲ್ಲ ಹಾಳೆಗೆ 'ಪೊರೆ'ಯೇ ಚೆನ್ನ.