ಬೆಟ್ಟದ ಚರಿತ್ರೆಗೆ ಛಾಯಾಚಿತ್ರದ ಸಾಕ್ಷ್ಯ

ನದಿ ನೆಲವನ್ನು ಕೊರೆಯುತ್ತದೆ, ಮಳೆ ಬೆಟ್ಟವನ್ನು ಸವೆಸುತ್ತದೆ ಎಂದು ನಾವು ಪಾಠ ಹೇಳುತ್ತೇವೆ, ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಬೆಟ್ಟ ಸವೆದುದನ್ನು ಕಣ್ಣಾರೆ ಕಂಡವರು ವಿರಳ. ಒಬ್ಬನ ಆಯುಷ್ಯಕ್ಕೆ ಎಟುಕದ ಈ ಕಾರ್ಯವನ್ನು ತಲೆಮಾರುಗಳು ಕೂಡಿ ನೋಡುವಂತೆ ಮಾಡಿದ ಸಾಧನಗಳಲ್ಲಿ ಛಾಯಾಚಿತ್ರವೂ ಒಂದು. ಅದರ ಚರಿತ್ರೆಯ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸೋಣ.

ಅಮೆರಿಕದ ಕೊಲೊರಾಡೊ ನದಿಯ ಕಂದರಗಳಲ್ಲಿ ಜಾನ್ ವೆಸ್ಲಿ ಪೊವೆಲ್ ಅವರು 1869ರಲ್ಲಿ ಕೈಗೊಂಡ ಮೊದಲ ಯಾನದಲ್ಲಿ ಛಾಯಾಗ್ರಾಹಕರು ಇರಲಿಲ್ಲ. 1871ರ ಎರಡನೆಯ ಯಾನದಲ್ಲಿ ಅವರನ್ನು ಸೇರಿಸಿಕೊಳ್ಳಲಾಯಿತು. ಅಂದಿನ ಕ್ರಮ ಬಹು ಕಷ್ಟದ್ದು. ಗಾಜಿನ ಫಲಕಕ್ಕೆ ಕೊಲೊಡಿಯನ್ ಲೇಪಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರ ತೆಗೆದು ಕತ್ತಲೆಯ ಡೇರೆಯಲ್ಲಿ ಸಂಸ್ಕರಿಸಬೇಕಾಗಿತ್ತು. ದೋಣಿ ನಡೆಸಲು ಬಂದ ಜಾನ್ ಹಿಲರ್ಸ್ ಅವರು ಈ ವಿದ್ಯೆಯನ್ನು ಯಾನದಲ್ಲಿಯೇ ಕಲಿತು ಹೆಸರಾಂತ ಛಾಯಾಗ್ರಾಹಕರಾದರು.

1889-90ರಲ್ಲಿ ಅದೇ ನದಿಯ ದಡದಲ್ಲಿ ರೈಲುದಾರಿ ಹಾಕುವ ಆಲೋಚನೆಯಿಂದ ರಾಬರ್ಟ್ ಬ್ರೂಸ್ಟರ್ ಸ್ಟಾಂಟನ್ ಅವರು ಮೋಜಣಿ ನಡೆಸಿದರು. 1890ರ ಮೊದಲ ದಿನ ತಂಡದ ಛಾಯಾಗ್ರಾಹಕರು ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡರು. ಸ್ಟಾಂಟನ್ ಅವರೇ ಕ್ಯಾಮರಾ ಹಿಡಿದರು. ರೈಲುದಾರಿ ಆಗಲಿಲ್ಲ, ಚಿತ್ರಗಳು ಉಳಿದವು.

ಉಳಿದ ಚಿತ್ರಗಳ ಬೆಲೆ ತಿಳಿದದ್ದು ಸುಮಾರು ನೂರು ವರ್ಷಗಳ ಮೇಲೆ. 1968ರಲ್ಲಿ ಭೂವಿಜ್ಞಾನಿ ಯೂಜೀನ್ ಷೂಮೇಕರ್ ಮತ್ತು ಹಾಲ್ ಸ್ಟೀಫನ್ಸ್ ಅವರು ಪೊವೆಲ್ ತಂಡದ ಚಿತ್ರಗಳನ್ನು ಹಿಡಿದು, ಅವನ್ನು ತೆಗೆದ ಸ್ಥಳಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಸ್ಟಾಂಟನ್ ಅವರ ಚಿತ್ರಗಳನ್ನು ರಾಬರ್ಟ್ ವೆಬ್ ಮತ್ತು ಅವರ ಸಂಗಡಿಗರು ಮುಂದೆ ಹೀಗೆಯೇ ಪುನರಾವರ್ತಿಸಿದರು. ಸ್ಥಳ ಹುಡುಕುವ ಉಪಾಯ ಸರಳ. ಹತ್ತಿರದ ಬಂಡೆಯ ಅಂಚು ದೂರದ ಶಿಖರದ ಯಾವ ಭಾಗಕ್ಕೆ ತಾಗಿ ಕಾಣುತ್ತದೆಯೋ ನೋಡಬೇಕು. ಒಂದೆರಡು ಹೆಜ್ಜೆ ಸರಿದರೂ ಆ ಹೊಂದಿಕೆ ತಪ್ಪುತ್ತದೆ. ಹೊತ್ತೂ ಋತುವೂ ಕೂಡಿಬಂದರೆ ನೆರಳುಗಳು ಸಹ ಹೊಂದುತ್ತವೆ.

ಫಲಿತಾಂಶ ಎರಡು ಬಗೆಯದು. ಹಲವೆಡೆ ಬಿಡಿಗಲ್ಲುಗಳು ಸಹ ನೂರು ವರ್ಷ ಅಲುಗಿರಲಿಲ್ಲ. ಬೇರೆಡೆಗಳಲ್ಲಿ ಉಪಕಣಿವೆಗಳಿಂದ ಕಲ್ಲುಮಣ್ಣಿನ ಪ್ರವಾಹ ಇಳಿದು ನದಿಯ ರೂಪವನ್ನೇ ಬದಲಿಸಿತ್ತು. 1966ರ ಡಿಸೆಂಬರಿನಲ್ಲಿ ಕ್ರಿಸ್ಟಲ್ ಎಂಬ ಹಳ್ಳದಿಂದ ಬಂದ ಅಂಥ ಪ್ರವಾಹವು ಸಾಮಾನ್ಯವಾಗಿದ್ದ ಹರಿವನ್ನು ಭಯಂಕರವಾದ ರಭಸದ ಮಡುವನ್ನಾಗಿ ಮಾಡಿತು. ನೆಲವು ಎಲ್ಲೆಲ್ಲಿಯೂ ಸಮನಾಗಿ ಸವೆಯುವುದಿಲ್ಲ. ಬಹುಕಾಲ ಸುಮ್ಮನಿದ್ದು ಒಂದೇ ದಿನದಲ್ಲಿ ಮಾರ್ಪಡುವುದೂ ಉಂಟು. ಒಂದು ಚಿತ್ರ ರೂಪವನ್ನು ತೋರಿಸಿದರೆ, ಎರಡು ಚಿತ್ರಗಳು ಕ್ರಿಯೆಯನ್ನು ತೋರಿಸುತ್ತವೆ.

ಈ ಮಾತು ಗಡಿನಾಡಿನವರಾದ ನಮಗೆ ದೂರದ್ದಲ್ಲ. 2024ರ ಜುಲೈ 30ರ ಮುಂಜಾವಿಗೆ ಮುನ್ನ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಬಳಿಕ ನಮ್ಮ ಬಾಹ್ಯಾಕಾಶ ಸಂಸ್ಥೆಯ ದೂರಸಂವೇದಿ ಕೇಂದ್ರವು ಉಪಗ್ರಹದ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಹೋಲಿಸಿತು. ಸುಮಾರು 1550 ಮೀಟರ್ ಎತ್ತರದಲ್ಲಿ 86,000 ಚದರ ಮೀಟರ್ ನೆಲ ಜಾರಿತ್ತು. ಕಲ್ಲುಮಣ್ಣು ಸುಮಾರು 8 ಕಿಲೋಮೀಟರ್ ಹರಿದಿತ್ತು. ಮತ್ತೊಂದು ಸಂಗತಿಯೂ ಕಂಡುಬಂದಿತು: ಅದೇ ಸ್ಥಳದಲ್ಲಿ ಹಿಂದೆಯೂ ಕುಸಿತವಾದ ಗುರುತು ಹಳೆಯ ಚಿತ್ರದಲ್ಲಿತ್ತು. ಸಾಕ್ಷಿ ಮೊದಲೇ ಇದ್ದಿತು. ಸಾಕ್ಷಿಯನ್ನು ಕಾಲದಲ್ಲಿ ಓದುವುದೇ ದೊಡ್ಡ ಕೆಲಸ.

ಉಪಗ್ರಹವು ಮೇಲಿನಿಂದ ನೋಡುತ್ತದೆ. ದರೆಯ ಬಿರುಕನ್ನೂ ಹಳ್ಳದ ಹೊಸ ದಡವನ್ನೂ ಪಕ್ಕದಲ್ಲಿ ನಿಂತು ನೋಡಬಲ್ಲವರು ಆ ಊರಿನವರು. ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಶಾಲೆಯ ಸಮೀಪದ ಒಂದು ಗುಡ್ಡವನ್ನೋ ಹೊಳೆಯ ತಿರುವನ್ನೋ ಆರಿಸಿ, ಅಪಾಯವಿಲ್ಲದ ಒಂದು ನೆಲೆಯನ್ನು ಗೊತ್ತುಮಾಡಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಅಲ್ಲಿಂದಲೇ ಚಿತ್ರ ತೆಗೆಸಿರಿ. ಚಿತ್ರದೊಡನೆ ಸ್ಥಳ, ದಿಕ್ಕು, ತಾರೀಖು, ಹೊತ್ತುಗಳನ್ನು ಬರೆದಿಡಿರಿ. ಇವಿಲ್ಲದ ಚಿತ್ರ ಮೂಕಸಾಕ್ಷಿ. ಅಳತೆ ತಿಳಿಯಲು ಒಂದು ಕೋಲನ್ನು ನಿಲ್ಲಿಸಿರಿ. ಏನೂ ಬದಲಾಗದಿದ್ದರೆ ಬೇಸರಪಡಬೇಕಾಗಿಲ್ಲ. ಅದೂ ಒಂದು ದಾಖಲೆಯೇ. ಇಂದು ತೆಗೆದ ಚಿತ್ರದ ಪ್ರಯೋಜನ ನಮಗೆ ದೊರೆಯದಿರಬಹುದು. ನಮ್ಮ ಶಾಲೆಯ ಕಪಾಟಿನಿಂದ ಅದನ್ನು ತೆಗೆದು, ಅದೇ ನೆಲೆಯಲ್ಲಿ ನಿಲ್ಲುವ ಮುಂದಿನ ಉಪಾಧ್ಯಾಯರಿಗೆ ದೊರೆತರೆ ಸಾಕು.